ಜೋಡಿದಾರ ‘ಸಾಕು’ ಅಂದ ಮೇಲೆ

ಜೂನ್ 7, ಶನಿವಾರ. ಮಧ್ಯಾಹ್ನ 3

ಒಂದೇ ಕನ್ನಡಕದ ಎಡಗಾಜು ಎರಡು ಸಲ ತಪ್ಪು ಪವರಿಗೆ ಉಜ್ಜಿದೆ. ಗಿರಾಕಿ ಪುಣ್ಯಾತ್ಮ, ಸೋಮವಾರ ಬರ್ತೀನಿ ಎಂದು ಹೋದ.

ಐದಕ್ಕೆ ಟೈಲರಕ್ಕನ ಅಂಗಡಿಯಲ್ಲಿ ನಮ್ಮ ಶನಿವಾರದ ಕೂಟ. ನಾಲ್ಕೇ ಜನ. ಟೈಲರಕ್ಕ, ಪ್ಯಾಸೆಂಜರುಗಳ ಮುಖದ ಚಿತ್ರ ಬಿಡಿಸುವ ಕಂಡಕ್ಟರ್, ಹಾಡು ಕಟ್ಟುವ ರಿಟೈರ್ಡ್ ಲೆಕ್ಕದ ಮೇಷ್ಟ್ರು, ಕಾದಂಬರಿ ಬರೆಯುವ ಕನ್ನಡಕದಂಗಡಿಯ ನಾನು. ಒಬ್ಬರದನ್ನು ಇನ್ನೊಬ್ಬರು ಮನೆಗೆ ಒಯ್ದು ನೋಡಬೇಕು. ಕೊನೆಯ ಪುಟದ ಕೆಳಗೆ ಜೋಡಿದಾರ ಪೆನ್ಸಿಲಿನಲ್ಲಿ ‘ಸಾಕು’ ಎಂದು ಬರೆದರೆ ಕೆಲಸ ಮುಗಿಯಿತು. ಟೈಲರಕ್ಕ ಆ ಕಟ್ಟನ್ನು ಮಿಷನ್ನಿಗೆ ಕೊಟ್ಟು ಅಂಚು ಹೊಲಿದುಬಿಡುತ್ತಾರೆ. ಹೊಲಿದ ಮೇಲೆ ಒಂದಕ್ಷರ ಮುಟ್ಟುವ ಹಾಗಿಲ್ಲ.

ನನ್ನ ಜೋಡಿ ಟೈಲರಕ್ಕ. ಅವರ ನಲವತ್ತು ಪುಟ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಓದಿದ್ದು ಆರು. ಅವರೂ ತಂಗಿಯೂ ಸೇರಿ ಅಂಗಡಿ ಇಟ್ಟದ್ದು, ಏನೋ ಜಗಳವಾಗಿ ತಂಗಿ ಊರು ಬಿಟ್ಟದ್ದು. ಇಪ್ಪತ್ತು ವರ್ಷದಿಂದ ಮಾತಿಲ್ಲ. ಆ ತಂಗಿಗೆ ಕಳಿಸಲೆಂದೇ ಬರೆದದ್ದು. ಗೊತ್ತಿದ್ದೂ ಓದಲಿಲ್ಲ. ನನ್ನ ಕಾದಂಬರಿಯೇ ನನಗೆ ದೊಡ್ಡದು.

ಬೆಳಿಗ್ಗೆ ಎತ್ತಿಕೊಳ್ಳುವಾಗ ಕೈಜಾರಿ ಅವರ ಕಟ್ಟೂ ನನ್ನ ಹೊಸ ಅಧ್ಯಾಯವೂ ನೆಲಕ್ಕೆ. ಪುಟದ ನಂಬರು ನೋಡಿ ಗಡಿಬಿಡಿಯಲ್ಲಿ ಜೋಡಿಸಿದೆ. ಕೆಳಗೆ ‘ಸಾಕು’ ಎಂದು ಬರೆದೂಬಿಟ್ಟೆ.

ಸಂಜೆ 7.30

“ಹೇಗಿದೆ ಕನ್ನಡಕದವ್ರೇ?” ಅಂದರು ಟೈಲರಕ್ಕ.

“ಮನಸ್ಸು ಮುಟ್ಟಿತಕ್ಕ. ಅದರಲ್ಲೂ ಕೊನೆ...” ಅಂದೆ. ಕೊನೆಯಲ್ಲಿ ಏನಿದೆಯೋ ದೇವರೇ ಬಲ್ಲ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನೊಂದು ಸಲ ಓದಿಕೊಂಡು ಮುಂದಿನ ವಾರ ಹೊಲೀತೀನಿ ಎಂದರು. ನನಗೆ ಕಾಫಿ ಎರಡು ಲೋಟ ಸಿಕ್ಕಿತು. ಕುಡಿದೆ ಕೂಡ.

ಜೂನ್ 14, ಶನಿವಾರ

ಹೊಲಿಗೆ ಆಯಿತು. ಮಿಷನ್ನಿಗೆ ಕೊಡುವ ಮೊದಲು ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

“ಆ ಎರಡು ಹಾಳೆ... ಯೋಚನೆ ಮಾಡಿಯೇ ಹಾಗೆ ಮಾಡಿದ್ರಿ ಅಲ್ವಾ?”

ಯಾವ ಎರಡು ಹಾಳೆ? ಕೇಳಿದರೆ ಬಣ್ಣ ಬಯಲು. “ಯೋಚನೆ ಮಾಡಿಯೇ ಅಕ್ಕ,” ಅಂದೆ.

ಅಕ್ಕ ಕಟ್ಟಿನ ಅಂಚು ಸವರಿದರು. “ನನ್ನ ಅಕ್ಷರದಲ್ಲೇ ಬರ್ಕೊಂಡೆ, ಕಷ್ಟ ಆಯ್ತು. ಆದ್ರೆ ನೀವು ಓದ್ಕೊಂಡೋರು. ಹೊರಗಿನ ಕಣ್ಣಿಗೇ ಸರಿಯಾಗಿ ಕಾಣೋದು.” ಟರ್ರ್ ಎಂದು ಅಂಚು ಹೊಲಿದರು. ಕಂಡಕ್ಟರ್ ಸೀಟಿ ಊದಿದ. ಎಲ್ಲರೂ ಚಪ್ಪಾಳೆ. ನಾನೇ ಎಲ್ಲರಿಗಿಂತ ಜೋರು.

ಜೂನ್ 15, ಭಾನುವಾರ. ಬೆಳಿಗ್ಗೆ 11

ನನ್ನ ಅಧ್ಯಾಯ ತಿದ್ದಲು ಕೂತೆ. 31, 32 ನನ್ನ ಅಕ್ಷರವಲ್ಲ. ಅಕ್ಕನ ದುಂಡು ಅಕ್ಷರ. ನನ್ನ 31, 32 ಅವರ ಕಟ್ಟಿನೊಳಗೆ.

ಅವರದನ್ನು ಓದಿದೆ. ಇನ್ನೂರು ಯೂನಿಫಾರ್ಮಿನ ಆರ್ಡರು. ಬಟ್ಟೆ ತಪ್ಪು ಅಳತೆಗೆ ಕತ್ತರಿಸಿದ್ದು ಅಕ್ಕ. ಸ್ಕೂಲಿನವರ ಮುಂದೆ, ಅಪ್ಪನ ಮುಂದೆ ತಂಗಿಯ ಹೆಸರು ಹೇಳಿದ್ದೂ ಅಕ್ಕ. ‘ಕತ್ತರಿ ಹಿಡಿದದ್ದು ನಾನು. ನಿನ್ನ ಹೆಸರು ಹೇಳಿದೆ. ಅಪ್ಪ ನಿನಗೆ ಹೊಡೆದಾಗ ನಾನು ಗುಂಡಿ ಹಾಕುತ್ತಾ ಕೂತಿದ್ದೆ.’ ಅಷ್ಟು ಹೇಳಲಿಕ್ಕೇ ಉಳಿದ ಮೂವತ್ತೆಂಟು ಪುಟ ಬರೆದಿದ್ದಾರೆ.

ಅದರ ಜಾಗದಲ್ಲಿ ಈಗಿರುವುದು ನನ್ನ ಕಥಾನಾಯಕನ ಪೊಗರು. ‘ನಾನು ಯಾರನ್ನೂ ಹೊರಗೆ ಹಾಕಿಲ್ಲ. ಹೋದವರು ತಾವಾಗಿ ಹೋದರು. ಕ್ಷಮೆ ಕೇಳುವಂಥದ್ದು ನಾನೇನೂ ಮಾಡಿಲ್ಲ.’ ಯಾರ ಕಥೆಗಾದರೂ ಹೊಂದುತ್ತದೆ, ದರಿದ್ರದ್ದು. ನಾನೇ ಬದಲಿಸಿ ಕೊಟ್ಟೆ ಎಂದು ಅಕ್ಕ ನಂಬಿದ್ದಾರೆ. ಯೋಚನೆ ಮಾಡಿಯೇ.

ಹೆಂಡತಿ ತಿಂಡಿಗೆ ಕರೆದಳು. ಹಸಿವಿಲ್ಲ ಅಂದೆ. “ಏನು ಕದ್ದು ಬಂದೋರ ಹಾಗಿದ್ದೀರಿ?” ಎಂದಳು.

ಜೂನ್ 21, ಶನಿವಾರ

ಜ್ವರ ಎಂದು ಫೋನ್ ಮಾಡಿದೆ. ಜ್ವರವಿಲ್ಲ. ಮೇಷ್ಟ್ರು ಮಾತ್ರೆ ತಂದುಕೊಟ್ಟು ಹೋದರು. ಥೂ, ನನ್ನ ಜನ್ಮಕ್ಕಿಷ್ಟು.

ಜೂನ್ 28, ಶನಿವಾರ

ಹೇಳಿಯೇ ಬಿಡುವುದೆಂದು ಹೋದೆ. ಎರಡು ಹಾಳೆ ಜೇಬಿನಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, “ಮಂಗಳವಾರ ಪೋಸ್ಟ್ ಮಾಡ್ದೆ,” ಅಂದರು.

ಹೋದ ವಾರ ಬಂದಿದ್ದರೆ ತಡೆಯಬಹುದಿತ್ತು. ಇವತ್ತಾದರೂ ಹೇಳಬಹುದಿತ್ತು. ಕಂಡಕ್ಟರ್ ತಮಾಷೆಗೆ “ಏನ್ ಸಾರ್, ಜೇಬು ಹಿಡ್ಕೊಂಡೇ ಕೂತಿದ್ದೀರಿ?” ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಕೈ ತೆಗೆದೆ. ಹೇಳಲಿಲ್ಲ.

ಜುಲೈ 12, ಶನಿವಾರ. ಸಂಜೆ 7

ತಂಗಿ ಫೋನ್ ಮಾಡಿದ್ದರಂತೆ. ಇಪ್ಪತ್ತು ವರ್ಷದ ಮೇಲೆ. ಒಂದೇ ಮಾತು — “ಇಷ್ಟು ವರ್ಷ ಆದ್ಮೇಲೂ ನಿಂದೇ ಸರಿ ಅಲ್ವಾ ಅಕ್ಕ?” ಇಟ್ಟುಬಿಟ್ಟರಂತೆ.

ಮೇಷ್ಟ್ರು ನನ್ನ ಕಡೆ ನೋಡಿದರು. “ಅವರನ್ನೇನೂ ಅನ್ಬೇಡಿ ಮೇಷ್ಟ್ರೇ,” ಅಂದರು ಅಕ್ಕ. “ಬರವಣಿಗೆಗೆ ಯಾವುದು ಒಳ್ಳೇದೋ ಅದನ್ನ ಹೇಳಿದ್ರು. ಹೊಲ್ದು ಕಳಿಸಿದ್ದು ನಾನು.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಜುಲೈ 13, ಭಾನುವಾರ. ಮಧ್ಯಾಹ್ನ 1

ಒಂಬತ್ತಕ್ಕೇ ಹೋದೆ. ಶಟರ್ ಅರ್ಧ ಎತ್ತಿತ್ತು. ಕೂರಲಿಲ್ಲ. ಎರಡು ಹಾಳೆ ಕತ್ತರಿಸುವ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ — ಕಟ್ಟು ಬಿದ್ದದ್ದು, ನಂಬರು ನೋಡಿ ಜೋಡಿಸಿದ್ದು, ಜ್ವರ ಸುಳ್ಳು.

ಅಕ್ಕ ಹಾಳೆ ಮುಟ್ಟಲಿಲ್ಲ. “ಇದನ್ನ ಯಾವಾಗ ಓದಿದ್ರಿ?”

“ಹೊಲಿದ ಮಾರನೇ ದಿನ.”

“ಹಾಗಾದ್ರೆ ಉಳಿದದ್ದು?”

“ಆರು ಪುಟ ಅಕ್ಕ. ಅಷ್ಟೇ.”

ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ನಿಮ್ದನ್ನ ನಾನು ಎರಡೆರಡು ಸಲ ಓದ್ತಿದ್ದೆ ಕಣ್ರೀ. ನನಗೆ ನಿಧಾನ. ಅರ್ಥ ಆಗ್ದಿದ್ರೆ ನಿಮಗೆ ಮೋಸ ಆಗುತ್ತೆ ಅಂತ.” ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆಮೇಲೆ ಫೋನ್ ತೆಗೆದು ನಂಬರು ಒತ್ತಿ ನನ್ನ ಕೈಗಿಟ್ಟರು. “ನನ್ನ ದನಿ ಕೇಳಿದ್ರೆ ಇಟ್ಬಿಡ್ತಾಳೆ. ನೀವೇ ಓದಿ. ಬಿಡದೆ ಓದಿ.”

ಆ ಕಡೆ, “ಯಾರು?”

“ನಿಮ್ಮಕ್ಕನ ಪುಸ್ತಕ ಓದದೇ ಚೆನ್ನಾಗಿದೆ ಅಂದವನು,” ಅಂದೆ. “ಅದರಲ್ಲಿ ಎರಡು ಹಾಳೆ ಅವರದಲ್ಲ. ಅವರದು ನನ್ನ ಹತ್ತಿರ ಉಳಿದಿತ್ತು.”

ಅವರು ಫೋನ್ ಇಡಲಿಲ್ಲ. ಮೂವತ್ತೊಂದನೇ ಪುಟ ಶುರು ಮಾಡಿದೆ. ಕತ್ತರಿ ಹಿಡಿದದ್ದು ನಾನು ಎಂಬಲ್ಲಿಗೆ ಬಂದಾಗ ಅಕ್ಕ ಮಿಷನ್ನಿನ ಮೇಲೆ ತಲೆ ಇಟ್ಟರು. ಆ ಕಡೆಯಿಂದ “ನಿಲ್ಲಿಸಿ” ಎಂದು ಕೇಳಿತು. ನಿಲ್ಲಿಸಿದೆ. “ಅವಳು ಅಲ್ಲೇ ಇದ್ದಾಳಾ? ಇದ್ರೆ ಆ ಸಾಲು ಅವಳೇ ಹೇಳ್ಲಿ. ಇನ್ನೊಬ್ರ ಬಾಯಲ್ಲಿ ಬೇಡ.”

ಅಕ್ಕನಿಗೆ ಫೋನ್ ಕೊಟ್ಟೆ. ಹಾಳೆ ಅವರ ಮುಂದೆ ಹಿಡಿದೆ. ನೋಡಲಿಲ್ಲ. ಬಾಯಿಪಾಠವೇ ಇತ್ತು. “ಕತ್ತರಿ ಹಿಡಿದದ್ದು ನಾನು,” ಅಂದರು. ನಾನು ಹಾಳೆ ಮೇಜಿನ ಮೇಲಿಟ್ಟು ಶಟರ್ ಕೆಳಗೆ ಬಗ್ಗಿ ಹೊರಗೆ ಬಂದೆ.