ಸೊಂಟದೊಳಗಿನ ನಾಲ್ಕು ಬೆರಳು ಬಟ್ಟೆ

ದರ್ಜಿಯಣ್ಣನಿಗೆ ನಮಸ್ಕಾರ.

ಅನ್ನ, ಬ್ರೆಡ್ಡು ಪೂರ್ತಿ ಬಿಟ್ಟು ನಾನು ಹನ್ನೆರಡು ಕಿಲೋ ಇಳಿದಾಗ ನನ್ನ ಪ್ಯಾಂಟುಗಳ ಸೊಂಟ ಚಿಕ್ಕದು ಮಾಡಿಕೊಟ್ಟಿರಿ. ಆದರೆ ಮಿಕ್ಕ ನಾಲ್ಕು ಬೆರಳು ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಚಿ, “ಇರ್ಲಿ ಮೇಷ್ಟ್ರೇ, ಮತ್ತೆ ಬಿಚ್ಚೋಕೆ ಬರ್ತೀರಲ್ಲ!” ಎಂದು ನಕ್ಕಿರಿ. ಅಂದಿನಿಂದ ಆ ಮಡಿಕೆ ಸೊಂಟಕ್ಕಿಂತ ಮಾನಕ್ಕೇ ಹೆಚ್ಚು ಚುಚ್ಚುತ್ತಿದೆ.

ಇತ್ತ ಹೆಂಡತಿ, “ನೀವು ತೆಳ್ಳಗಾದ್ರಿ, ಸಿಟ್ಟು ದಪ್ಪ ಆಯ್ತು. ನನ್ನ ತಟ್ಟೆ ಅನ್ನಾನ ಹಾಗೆ ದುರುಗುಟ್ಟಿ ನೋಡ್ಬೇಡ್ರಿ” ಎಂದಳು. ಕೊನೆಗೆ ರಾಜಿಯಾಯಿತು: ದಿನಾ ತಟ್ಟೆಯ ಕಾಲು ಭಾಗ ಅನ್ನ, ಜೀವನಪೂರ್ತಿ. ಆರು ತಿಂಗಳಾಯಿತು, ಪ್ಯಾಂಟಿನ ಗುಂಡಿಯೂ ಮುನಿದಿಲ್ಲ, ಅವಳೂ ಮುನಿದಿಲ್ಲ.

ಆದ್ದರಿಂದ ಈಗ ಕಳಿಸಿರುವ ಪ್ಯಾಂಟುಗಳಲ್ಲಿ ಮೂರು ಬೆರಳು ಬಟ್ಟೆ ಧೈರ್ಯವಾಗಿ ಕತ್ತರಿಸಿ. ಒಂದು ಬೆರಳು ಇರಲಿ. ಮನೆಗೆ ಮರಳಿದ ಅನ್ನಕ್ಕೆ ಅಷ್ಟಾದರೂ ಜಾಗ ಬೇಡವೇ?

ಇಂತಿ,
ಅದೇ ಅಳತೆಯ ನಿಮ್ಮ ಮೇಷ್ಟ್ರು