ಎರಡನೇ ಸಲದ ಅಳು

ಮೇ ೧೧, ಭಾನುವಾರ

ತಂಗಿ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಬಡಮಕ್ಕಳ ಈ ಬೇಸಿಗೆ ಶಿಬಿರಕ್ಕೆ ಇವತ್ತು ದಾನಿಗಳು ಬಂದಿದ್ದರು. ಅಮ್ಮ ಸತ್ತದ್ದನ್ನು ನನ್ನಿಂದ ವೇದಿಕೆಯ ಮೇಲೆ ಹೇಳಿಸಿದರು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಇಳಿಯುವಾಗ ಶಿಬಿರದ ಮೇಡಂ ತಡೆದರು.

"ವಿಡಿಯೋ ಬಂದಿಲ್ಲ ಪುಟ್ಟಾ, ಇನ್ನೊಂದ್ಸಲ ಹೇಳು. ಹಾಗೇ ಅಳ್ಬೇಕು, ಆಯ್ತಾ?"

ಎರಡನೇ ಸಲ ಒಂದು ಹನಿಯೂ ಬರಲಿಲ್ಲ. ಮೇಡಂ ಕೆಳಗಿನಿಂದ ಕಣ್ಣು ಬಿಡುತ್ತಿದ್ದರು. ಅದಕ್ಕೇ, ಅಮ್ಮ ಕೊನೆಗೆ ನನ್ನ ಹೆಸರು ಹಿಡಿದು ಕರೆದಳು ಎಂದು ಸೇರಿಸಿದೆ. ದಾನಿಗಳೆಲ್ಲ ಕಣ್ಣೊರೆಸಿಕೊಂಡರು.

ಊಟದ ಸಾಲಿನಲ್ಲಿ ತಂಗಿ ಕೇಳಿದಳು, "ಅಕ್ಕಾ, ಅಮ್ಮ ನನ್ನ ಕರೀಲೇ ಇಲ್ವಾ?"

ಮೇಡಂ ಪಕ್ಕದಲ್ಲೇ ನಿಂತಿದ್ದರು. "ಇಲ್ಲ ಕಣೇ" ಎಂದೆ.

ಸಾಯುವ ಹೊತ್ತಿಗೆ ಅಮ್ಮನಿಗೆ ಮಾತೇ ನಿಂತುಹೋಗಿತ್ತು. ಆಗ ಅಜ್ಜಿಯ ಮನೆಯಲ್ಲಿದ್ದ ತಂಗಿಗೆ ಅದು ಗೊತ್ತಿಲ್ಲ. ನಾಳೆ ನಿಜ ಹೇಳೋಣವೆಂದರೆ, ನಾಳೆಯೂ ದಾನಿಗಳು ಬರುತ್ತಾರಂತೆ. ತಂಗಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕಂತೆ. ಅವಳು ಚೆನ್ನಾಗಿ ಅಳುತ್ತಾಳಂತೆ...