ತಾತನ ಹೊಟ್ಟೆಗೆ ತಕ್ಕ ಫಿಲ್ಟರ್

ಉಥಾಯ್ ಥಾನಿ, ಸಕೆಕ್ರಂಗ್ ನದಿಯ ದಡ
ಸೆಪ್ಟೆಂಬರ್ ೨೦, ಬುದ್ಧವರ್ಷ ೨೫೬೭

ಪೂಜ್ಯ ಭಂತೆಯವರ ಪಾದಗಳಿಗೆ,

ನೋಡಿ, ಎಷ್ಟು ಗೌರವದಿಂದ ಶುರುಮಾಡಿದೆ! ಇಷ್ಟು ವರ್ಷ ‘ರೀ’ ಅಂದ ಬಾಯಿಗೆ ಈ ಮಾತು ಹೊರಳುವುದೇ ಇಲ್ಲ. ಮಳೆಗಾಲದ ವ್ರತಕ್ಕೆಂದು ಕಾವಿ ಉಟ್ಟ ಗಂಡನನ್ನು ರೇಗಿಸಬಾರದು ಎಂದು ಅತ್ತೆ ಬೈಯುತ್ತಾರೆ. ಮಂಡಿನೋವು ಹೇಗಿದೆ? ಒಪ್ಪೊತ್ತಿನ ಊಟ ಒಗ್ಗಿತೇ? ಕಾಡಿನ ವಿಹಾರದಲ್ಲಿ ಬರಿ ಚಾಪೆಯ ಮೇಲೆ ಮಲಗುತ್ತೀರಂತೆ, ಮಳೆಯ ಥಂಡಿ ಹತ್ತಿಸಿಕೊಳ್ಳಬೇಡಿ. ನಾವು ಚೆನ್ನಾಗಿದ್ದೇವೆ. ಫೋನಿಲ್ಲದ ಕಡೆ ಹೋಗಿ ಕೂತಿದ್ದೀರಿ, ಆದ್ದರಿಂದ ನಿಮ್ಮ ತಮ್ಮ ಸೊಂಬತ್‌ನ ಕೈಲಿ ಈ ಕಾಗದ.

ಸುದ್ದಿ ಕೇಳಿ: ತಾತ ಬದುಕಿದ್ದಾನೆ! (ಸೊಂಬತ್ ದಾರಿಯಲ್ಲಿ ಕದ್ದು ಓದಿದರೆ ಗಾಬರಿಯಾದಾನು. ತಾತ ಅಂದರೆ ನಡುಮನೆಯ ದೊಡ್ಡ ಗಾಜಿನ ತೊಟ್ಟಿಯಲ್ಲಿರುವ ಹಣೆಯುಬ್ಬಿದ ಗೌರಾಮಿ ಮೀನು ಕಣಪ್ಪಾ.) ಹೊರಡುವಾಗ ನೀವೇನು ಹೇಳಿದಿರಿ? “ನೀರು ಕೆಟ್ಟು ವಾಸನೆ ಬಂದ್ರೆ ಒದ್ದಾಡಬೇಡ, ನದಿಗೆ ಬಿಟ್ಬಿಡು, ಪುಣ್ಯ ಬರುತ್ತೆ.” ಪುಣ್ಯವಂತೆ! ಮನುಷ್ಯರ ನೆರಳು ಕಂಡರೆ ಬಾಯಿ ತೆರೆದು ಬರುವ ಮೀನು ಅದು. ನದಿಗೆ ಬಿಟ್ಟರೆ ಸಂಜೆಯೊಳಗೆ ಯಾರದೋ ತೆಪ್ಪದ ಮನೆಯಲ್ಲಿ ಬಾಣಲೆಗೆ ಬೀಳುತ್ತದೆ. ನೀವು ಮನೆಗೆ ಬರುವವರೆಗೆ ಅದನ್ನು ಉಳಿಸಿಯೇ ಉಳಿಸುತ್ತೇನೆಂದು ನಾನು ಹಟ ಹಿಡಿದೆ.

ಆದರೆ ಆ ಹಳೆಯ ಪುಟ್ಟ ಫಿಲ್ಟರ್ ಕೈಕೊಟ್ಟಿತು. ನೀರು ಗಂಜಿಯಂತಾಯಿತು, ವಾಸನೆಗೆ ನೆಂಟರು ಅಂಗಳದಲ್ಲೇ ಮಾತಾಡಿಸಿ ಹೋಗತೊಡಗಿದರು. ನಾನು ಪೇಟೆಗೆ ಹೋಗಿ, ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಲೆಕ್ಕವನ್ನು ನಮ್ಮ ತೊಟ್ಟಿಗೆ ಸರಿಹೊಂದಿಸಿ, ಥಳಥಳಿಸುವ ಡಬ್ಬಿ ಫಿಲ್ಟರ್ ಹೊತ್ತು ತಂದೆ. ವಾರದೊಳಗೆ ಅದರ ಕೊಳವೆಗೆ ಬಾಳೆಹಣ್ಣಿನ ನಾರು ಸಿಕ್ಕಿ ಉಸಿರುಗಟ್ಟಿತು. ಮತ್ತೆ ಅಂಗಡಿಗೆ ಓಡಿದೆ. ಅಂಗಡಿಯ ವಿಪಾ ಹೊಟ್ಟೆ ಹಿಡಿದು ನಕ್ಕಳು. “ಅಕ್ಕಾ, ಪೆಟ್ಟಿಗೆ ಮೇಲಿರೋ ಲೆಕ್ಕ ಬೆರಳುದ್ದದ ಮೀನಿಗೆ. ನಿಮ್ಮನೇಲಿರೋದು ಎಮ್ಮೆ!” ನಿಜ ತಾನೇ? ಬುಟ್ಟಿ ಸೊಪ್ಪು ತಿನ್ನುತ್ತಾನೆ, ಬುಟ್ಟಿ ಸಗಣಿ ಹಾಕುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಇವನ ಕಾಲು ನೋಡಿ ಹಾಸಿಗೆ ಹೊಲಿಸಬೇಕಿತ್ತು.

ಹೊಲಿಸಿದೆ! ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ. ಮೇಲಿನ ನೀರು ಕೆಳಗಿಳಿದು, ಮೊದಲ ಖಾನೆಯ ಹತ್ತಿಯಲ್ಲಿ ಕಸ ಬಿಟ್ಟು, ಸ್ಪಂಜು ದಾಟಿ, ಸುಟ್ಟ ಮಣ್ಣಿನ ಉಂಗುರಗಳ ನಡುವೆ ಹರಿದು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಆ ಜುಳುಜುಳು ಕೇಳಬೇಕು ನೀವು! ಕೊಳೆಯನ್ನು ಅರಗಿಸುವ ಸೂಕ್ಷ್ಮಜೀವಿಗಳು ಸ್ಪಂಜು, ಉಂಗುರಗಳಲ್ಲಿ ಮನೆ ಮಾಡಬೇಕಂತೆ, ಅದಕ್ಕೆ ಹಳೆಯ ಫಿಲ್ಟರಿನ ಸ್ಪಂಜನ್ನು ತೊಳೆಯದೆ ಹಾಗೇ ಹೊಸದರಲ್ಲಿಡಿ ಎಂದಿದ್ದಳು ವಿಪಾ. ನಾನು ಅದನ್ನು ತೊಟ್ಟಿಯ ನೀರಿರುವ ಬಕೆಟ್ಟಿನಲ್ಲಿಟ್ಟು ಅನ್ನಕ್ಕಿಡಲು ಹೋದೆ, ಅಷ್ಟೆ. ಮಾರನೆಯ ದಿನ ಉಪೋಸಥದ ವ್ರತ. ಮನೆಯಲ್ಲಿ ಮೈಲಿಗೆ ಇರಬಾರದೆಂದು ಅತ್ತೆ ಅದನ್ನು ಪಾತ್ರೆ ಸೋಪಿನಲ್ಲಿ ತಿಕ್ಕಿ ಬಿಸಿಲಿಗೆ ಹಾಕಿದ್ದರು! “ಥೂ, ಲೋಳೆ ಹಿಡಿದಿತ್ತು ಕಣೇ. ಈಗ ನೋಡು, ಹೊಸದರ ಹಾಗಿದೆ.”

ಸೋಪಿಗೂ ಬಿಸಿಲಿಗೂ ಆ ಜೀವಿಗಳೆಲ್ಲ ಸತ್ತವು, ಅತ್ತೆಯೆಂದು ಬೈಯುವಂತೆಯೂ ಇಲ್ಲ. ಹೊಸ ಫಿಲ್ಟರ್ ಓಡುತ್ತಿತ್ತು, ನೀರು ತಿಳಿಯಾಗಿಯೂ ಕಂಡಿತು, ಆದರೆ ತಾತ ಮೂಲೆ ಹಿಡಿದು ಸೊಪ್ಪು ಮುಟ್ಟಲಿಲ್ಲ. ನನಗೆ ಅಳುವೇ ಬಂತು. ದಿನಾ ಅತ್ತೆ, ನಾನು ಬಕೆಟ್ಟಿನಲ್ಲಿ ಅರ್ಧ ನೀರು ತೆಗೆದು ಹೊಸ ನೀರು ತುಂಬಿದೆವು. ವಿಪಾ ತನ್ನ ಅಂಗಡಿಯ ತೊಟ್ಟಿಯಿಂದ ಗಬ್ಬು ನಾರುವ ಸ್ಪಂಜೊಂದನ್ನು ಚೀಲದಲ್ಲಿ ಕೊಟ್ಟಳು. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ, ಆದರೂ ಚಿನ್ನ ತಂದಷ್ಟು ಜೋಪಾನವಾಗಿ ತಂದೆ. ಮೊನ್ನೆ ಬೆಳಿಗ್ಗೆ ತಾತ ಮೇಲೆ ಬಂದು ನನ್ನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡ! ಅತ್ತೆ ಕುಣಿಯುವುದೊಂದು ಬಾಕಿ. ಈಗ ತೊಟ್ಟಿಯ ಈ ಬದಿಯಿಂದ ನೋಡಿದರೆ ಆ ಬದಿಯ ಗೋಡೆಯ ಕ್ಯಾಲೆಂಡರ್ ಓದಬಹುದು.

ಅತ್ತೆ ನಿಮಗೆ ಕೈಮುಗಿದಿದ್ದಾರೆ. ಹೆತ್ತ ಮಗನಿಗೆ ಕೈಮುಗಿಯುವುದೆಂದರೆ ಅವರಿಗೆ ಬಲು ಹೆಮ್ಮೆ. ನನ್ನದೂ ಮೂರು ನಮಸ್ಕಾರ.

ಇಂತು,
ಲಮೂನ್

ತಾ.ಕ.: ಸೊಂಬತ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮಳೆಗಾಲದ ವ್ರತ ಮುಗಿದ ಮೇಲೂ ಕಾವಿ ಬಿಡುವುದಿಲ್ಲ ಎಂದು ಗುರುಗಳಿಗೆ ಹೇಳಿದ್ದೀರಂತೆ, ಅವನೇ ಈಗ ಬಾಯಿಬಿಟ್ಟ. ಮೀನು ಬಿಟ್ಟುಬಿಡು ಅಂದದ್ದು ಅದಕ್ಕೇನಾ? ಹೆಂಡತಿ ಒಪ್ಪದೆ ಕಾವಿ ಕೊಡುವುದಿಲ್ಲವೆಂದು ಅವತ್ತು ಗುರುಗಳು ನನ್ನನ್ನು ಕೇಳಿದ್ದರು. ನಾನು ಒಪ್ಪಿದ್ದು ಈ ಮಳೆಗಾಲಕ್ಕೆ. ಪಾಪ ಬಂದರೆ ನನಗೇ ಬರಲಿ, ಮುಂದಕ್ಕೆ ಒಪ್ಪುವುದಿಲ್ಲ. ನನಗೆ ನೀವು ಬೇಕು ರೀ. ಮನೆಗೆ ಬನ್ನಿ.